ಬಿಳಿ ಬೊಟ್ಟಿನ ಹಿಂದೆ

ಇದು ನಡೆದದ್ದು. ನನಗೇ ನಡೆದದ್ದು. ಯಾರದೋ ಕಾಕಾನಿಗೆ, ಯಾರದೋ ಗೆಳೆಯನ ಭಾವಮೈದುನನಿಗೆ ನಡೆದದ್ದನ್ನು ತಂದು ಹೇಳುತ್ತಿಲ್ಲ. ಆ ರಾತ್ರಿ ನಾನು ಕುಡಿದಿರಲಿಲ್ಲ, ಕುಡಿಯುವುದೂ ಇಲ್ಲ. ನಿದ್ದೆಗಣ್ಣಿನಲ್ಲೂ ಇರಲಿಲ್ಲ. ಇಷ್ಟು ಹೇಳಿದ ಮೇಲೂ ನಗಬೇಕೆನಿಸಿದರೆ ನಗಿ, ನನ್ನದೇನೂ ತಕರಾರಿಲ್ಲ.

ನನ್ನ ಹೆಸರು ದಸ್ತಗೀರ. ಸಿಂದಗಿ ಕಡೆಯವನು. ಮುಂಬೈಗೆ ಬಂದು ಅರ್ಧ ಆಯುಷ್ಯ ಕಳೆಯಿತು. ಲಿಫ್ಟ್ ರಿಪೇರಿ ನನ್ನ ಕೆಲಸ. ಬಾವಿಯಂಥ ಕತ್ತಲ ಶಾಫ್ಟಿನೊಳಗೆ ಎಷ್ಟೋ ರಾತ್ರಿ ಒಬ್ಬನೇ ಇಳಿದಿದ್ದೇನೆ. ಅಲ್ಲಿ ಇಲಿ ಕಂಡಿದ್ದೇನೆ, ಸತ್ತ ಪಾರಿವಾಳ ಕಂಡಿದ್ದೇನೆ, ದೆವ್ವ ಕಂಡಿಲ್ಲ. ಬದುಕಿದವರಿಗೇ ಬಾಡಿಗೆ ಮನೆ ಸಿಗದ ಊರಿನಲ್ಲಿ ದೆವ್ವಕ್ಕೆ ಯಾರು ಜಾಗ ಕೊಡುತ್ತಾರೆ ಎಂದು ತಮಾಷೆ ಮಾಡುತ್ತಿದ್ದೆ.

ಆ ತಮಾಷೆ ಈಗ ಮಾಡುವುದಿಲ್ಲ...

ಮಲ್ಲಪ್ಪ ನನ್ನ ಜೀವದ ಗೆಳೆಯ. ನಮ್ಮ ಪಕ್ಕದ ಊರಿನವನು. ಮುಂಬೈಗೆ ಬಂದ ಹೊಸದರಲ್ಲಿ ಭಾಂಡುಪ್‌ನ ಒಂದೇ ಚಾಳಿನ ಒಂದೇ ಖೋಲಿಯಲ್ಲಿ, ಒಂದೇ ಚಾಪೆಯ ಮೇಲೆ ಮಲಗಿದವರು ನಾವು. ಆಮೇಲೆ ಅವನು ಅಲ್ಲಿಯೇ, ಮುಚ್ಚಿಹೋದ ಕಾರ್ಖಾನೆಯೊಂದರ ಹಿಂದಿನ ಶೆಡ್ಡಿನಲ್ಲಿ ಗ್ಯಾರೇಜ್ ಹಾಕಿದ. ಅವನ ಹೆಂಡತಿ ಶಾಂತಾ ನನಗೆ ಅತ್ತಿಗೆ, ವೈನಿ. ಅವಳು ಕಟ್ಟಿಕೊಡುತ್ತಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದೇ ನನ್ನ ಭಾನುವಾರಗಳು ಕಳೆದಿವೆ.

ಮಲ್ಲಪ್ಪನ ಅಪ್ಪ ಮಿಲಿಟರಿಯಲ್ಲಿ ಟ್ರಕ್ ಡ್ರೈವರ್ ಆಗಿದ್ದರು. ಮಗ ಇನ್ನೂ ಶಾಲೆಗೆ ಹೋಗುವಾಗಲೇ ತೀರಿಕೊಂಡರು. ಉಳಿದದ್ದು ಒಂದು ಫೋಟೋ. ಮೂರು ಟನ್ನಿನ ಟ್ರಕ್ಕಿನ ಮಡ್‌ಗಾರ್ಡ್ ಮೇಲೆ ಕೈಯಿಟ್ಟು ನಿಂತ ಸಣಕಲು ಮನುಷ್ಯ. ಆ ಫೋಟೋ ನೋಡಿ ನೋಡಿಯೇ ಮಲ್ಲಪ್ಪನಿಗೆ ಹುಚ್ಚು ಹತ್ತಿತು. ಅಂಥದ್ದೇ ಗಾಡಿಯೊಂದನ್ನು ತರಬೇಕು, ಅದನ್ನು ಮೊದಲಿನ ಹಾಗೆ ಮಾಡಿ ಓಡಿಸಬೇಕು.

ತಂದೇಬಿಟ್ಟ. ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಟ್ರಕ್ಕೊಂದು ಕುರ್ಲಾದ ಕಬಾಡಿಯವನ ಬಳಿ ಕೊಳೆಯುತ್ತಿತ್ತು. ಕ್ರೇನಿನಲ್ಲಿ ಎಳೆಸಿಕೊಂಡು ಶೆಡ್ಡಿಗೆ ತಂದಾಗ ಅದರ ಕ್ಯಾಬಿನ್ನಿನೊಳಗೆ ಅರಳಿ ಗಿಡ ಬೆಳೆದಿತ್ತು.

"ಮಲ್ಲ್ಯಾ, ಇದಕ್ಕ ಡ್ರೈವರ್ ಬ್ಯಾಡಲೇ, ಪೂಜಾರಿ ಬೇಕು," ಎಂದೆ.

"ನಗಬ್ಯಾಡ ದಸ್ತು. ಇದು ಓಡತೈತಿ. ನೀ ಕೈ ಹಚ್ಚತಿಯೋ ಇಲ್ಲೊ, ಅಷ್ಟು ಹೇಳು."

ಹಚ್ಚಿದೆ. ರಜೆ ಅಂತ ಸಿಗುತ್ತಿದ್ದದ್ದು ಭಾನುವಾರ ಒಂದೇ. ಅದನ್ನೂ ಆ ಕಬ್ಬಿಣಕ್ಕೆ ಕೊಟ್ಟೆ. ಸೀಮೆಎಣ್ಣೆ ಸುರಿದು ತಂತಿ ಬ್ರಷ್ಷಿನಿಂದ ತುಕ್ಕು ತಿಕ್ಕಿದೆವು. ಹಸಿರು ಬಣ್ಣ ಕೆರೆದರೆ ಕೆಳಗೆ ಮರಳಿನ ಬಣ್ಣ, ಅದನ್ನು ಕೆರೆದರೆ ಮತ್ತೆ ಹಸಿರು. ಎಲ್ಲೆಲ್ಲಿಗೆ ಹೋಗಿ ಬಂದಿತ್ತೋ ಪುಣ್ಯಾತ್ಮ! ವಯರಿಂಗ್ ಪೂರ್ತಿ ನಾನೇ ಮಾಡಿದೆ. ನನ್ನ ಹೆಂಡತಿ, "ಆ ಟ್ರಕ್ಕನ್ನೇ ನಿಕಾಹ್ ಮಾಡಿಕೊಳ್ಳಬೇಕಾಗಿತ್ತು ನೀವು" ಎಂದು ಗೊಣಗುತ್ತಿದ್ದಳು.

ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ದೀಪ. ಹಿಂದಿನ ಗಾಲಿಗಳ ನಡುವೆ, ಆಕ್ಸಲ್ಲಿನ ಮಧ್ಯದಲ್ಲಿ ಕುಂಬಳಕಾಯಿಯಂಥ ಒಂದು ಉಬ್ಬು ಇರುತ್ತದೆ. ಮಿಲಿಟರಿ ಗಾಡಿಗಳಲ್ಲಿ ಅದಕ್ಕೆ ಬಿಳಿ ಬಣ್ಣ ಬಳಿದು, ಅದರ ಮೇಲಷ್ಟೇ ಬೆಳಕು ಬೀಳುವ ಹಾಗೆ ಮೋಟು ಬಲ್ಬ್ ಇಟ್ಟಿರುತ್ತಾರೆ. ಗಡಿಯಲ್ಲಿ ರಾತ್ರಿ ಸಾಲಾಗಿ ಹೋಗುವಾಗ ಹೆಡ್‌ಲೈಟ್ ಹಾಕುವಂತಿಲ್ಲ. ಹಿಂದಿನ ಗಾಡಿಯವನು ಮುಂದಿನದರ ಆ ಬಿಳಿ ಬೊಟ್ಟನ್ನು ನೋಡಿಕೊಂಡೇ ಹೋಗಬೇಕು.

"ಮುಂದಿನಾಂವ ಕಂದಕಕ್ಕ ಬಿದ್ರ?" ಎಂದು ನಾನು ಕೇಳಿದ್ದೆ.

"ಹಿಂದಿನಾಂವನೂ ಬೀಳ್ತಾನ," ಎಂದು ಮಲ್ಲಪ್ಪ ನಕ್ಕಿದ್ದ. "ನಮ್ಮಪ್ಪ ಹೇಳತಿದ್ದ. ಅಲ್ಲಿ ನಂಬಿಕಿ ಒಂದರ ಮ್ಯಾಲೆ ಗಾಡಿ ಓಡೂದು."

ದಸರೆಯ ಖಂಡೇ ಪೂಜೆಯ ದಿನ ಗಾಡಿ ಮೊದಲ ಸಲ ಚಾಲೂ ಆಯಿತು. ಮಲ್ಲಪ್ಪ ಬೂದುಗುಂಬಳಕಾಯಿ ಒಡೆದ, ನಾನು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆ. ಎಂಜಿನ್ ಕೆಮ್ಮಿ, ಕರಿ ಹೊಗೆ ಉಗುಳಿ, ಹೊತ್ತಿಕೊಂಡಿತು. ಮಲ್ಲಪ್ಪ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಮಕ್ಕಳ ಹಾಗೆ ಅತ್ತ. ನನಗೂ ಕಣ್ಣು ತುಂಬಿತು. ಸುಳ್ಳೇಕೆ ಹೇಳಲಿ, ನನ್ನ ನಿಕಾಹದ ದಿನವೂ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ.

ಒಂದೇ ಒಂದು ಕೊರತೆ ಉಳಿದಿತ್ತು. ಹಿಂದೆ ಹೊದಿಸುವ ಕ್ಯಾನ್ವಾಸಿನ ತಾಡಪತ್ರಿ ಎಲ್ಲಿಯೂ ಸಿಕ್ಕಿರಲಿಲ್ಲ. ಕಬ್ಬಿಣದ ಕಮಾನುಗಳು ಬೋಳಾಗಿ ನಿಂತಿದ್ದವು.

ಹೀಗಿರುವಾಗ ಒಂದು ದಿನ ಮಲ್ಲಪ್ಪ ಫೋನ್ ಮಾಡಿದ. ಬಾಂದ್ರಾದಲ್ಲಿ ಹಳೆಯ ಗಾಡಿಗಳ ಮೆರವಣಿಗೆ ಇದೆಯಂತೆ, ನಮ್ಮ ಟ್ರಕ್ಕನ್ನೂ ಸೇರಿಸಿಕೊಂಡಿದ್ದಾರಂತೆ. ಭಾನುವಾರ ಬೆಳಗ್ಗೆ ಮೆರವಣಿಗೆ. ಶನಿವಾರ ರಾತ್ರಿಯೇ ಗಾಡಿಯನ್ನು ಮೈದಾನಕ್ಕೆ ಮುಟ್ಟಿಸಬೇಕಂತೆ.

ನಾನು ನಾವಿರುವ ಬಿಲ್ಡಿಂಗಿನವರಿಗೆಲ್ಲ ಹೇಳಿಕೊಂಡು ತಿರುಗಿದೆ. ಇಬ್ಬರಿಗೂ ಒಂದೇ ಥರದ ಹಸಿರು ಅಂಗಿ, ಟೋಪಿ ತಂದೆ. ಶನಿವಾರ ಸಂಜೆ ಇಸ್ತ್ರಿ ಮಾಡಿದ ಆ ಅಂಗಿ ಹಾಕಿಕೊಂಡೇ ಶೆಡ್ಡಿಗೆ ಹೋದೆ. ಮಲ್ಲಪ್ಪ ತನ್ನ ಅಂಗಿಯನ್ನು ಕೈಯಲ್ಲಿ ಹಿಡಿದು ನೋಡಿದ. ಹಾಕಿಕೊಳ್ಳಲಿಲ್ಲ. ಮಡಚಿ ನನ್ನ ಚೀಲದಲ್ಲೇ ಇಟ್ಟ.

"ನಾಳೆ ಹಾಕ್ಕೋತೀನಿ ತಗೊ. ಈಗ ಗ್ರೀಸ್ ಹತ್ತತೈತಿ."

ನಾನು ಕ್ಯಾಬಿನ್ನಿಗೆ ಹತ್ತಲು ಹೋದರೆ ತಡೆದ.

"ನೀ ಬೈಕ್ ತಗೊಂಡ ಹಿಂದ ಬಾ. ಗಾಡಿ ಅಲ್ಲಿ ಬಿಟ್ಟ ಮ್ಯಾಲೆ ವಾಪಸ್ ಬರಾಕ ಬೇಕಲ್ಲ?"

ಮಾತು ಸರಿಯಾಗಿಯೇ ಇತ್ತು. ಹಿಂದೆ ಹೊರಟೆ.

ಪವಯಿ ದಾಟುವಾಗ ನಾಕಾಬಂದಿ. ಪೊಲೀಸರು ಟ್ರಕ್ಕನ್ನು ಬಿಟ್ಟು ನನ್ನ ಬೈಕಿಗೆ ಕೈ ಅಡ್ಡ ಹಿಡಿದರು. ಲೈಸೆನ್ಸ್ ತೋರಿಸಿದೆ, ಬಾಯಿ ಊದಿಸಿದರು, ಚೀಲ ಬಿಚ್ಚಿಸಿದರು. ಬಿಡುವಷ್ಟರಲ್ಲಿ ಅರ್ಧ ತಾಸಾಗಿತ್ತು, ಮಲ್ಲಪ್ಪ ಕಣ್ಮರೆಯಾಗಿದ್ದ. ಫೋನ್ ಮಾಡಿದೆ, ಎತ್ತಲಿಲ್ಲ. ಎಂಜಿನ್ ಸದ್ದಿನಲ್ಲಿ ಕೇಳಿಸುತ್ತಿಲ್ಲವೇನೋ ಎಂದುಕೊಂಡು ಬೈಕ್ ಬಿಟ್ಟೆ.

ಜೋಗೇಶ್ವರಿಯ ಹತ್ತಿರ ಬಂದಾಗ ಮುಂದೆ ಅದು ಕಂಡಿತು.

ದೂರದಲ್ಲಿ, ರಸ್ತೆಗೆ ಹತ್ತಿಕೊಂಡ ಹಾಗೆ, ಒಂದು ಬಿಳಿ ಬೊಟ್ಟು... ಅದರ ಮೇಲೆ ಮಿಣುಕುವ ದೀಪ. ಹತ್ತಿರ ಹೋದಂತೆ ಟ್ರಕ್ಕಿನ ಬೆನ್ನು ಕಂಡಿತು. ಎರಡನೇ ಗೇರಿನಲ್ಲಿ ಕುಯ್ಯೆನ್ನುವ ಅದೇ ಸದ್ದು. ಮೇಲೆ ತಾಡಪತ್ರಿ ಹೊದಿಸಿತ್ತು.

ನನಗೆ ಖುಷಿಯಾಯಿತು ನೋಡಿ! ಮಲ್ಲಪ್ಪ ಎಲ್ಲೋ ತಾಡಪತ್ರಿ ಗಿಟ್ಟಿಸಿಕೊಂಡಿದ್ದಾನೆ, ನನಗೆ ಹೇಳದೆ ಇಟ್ಟು, ದಾರಿಯಲ್ಲಿ ನಿಲ್ಲಿಸಿ ಹೊದಿಸಿಕೊಂಡಿದ್ದಾನೆ. ನಾನು ಅಚ್ಚರಿಪಡಲಿ ಎಂದು ಮಾಡಿದ್ದಾನೆ ಎಂದುಕೊಂಡೆ. ಅಷ್ಟೇ ಹೊತ್ತಿನಲ್ಲಿ ಒಬ್ಬನೇ ಹೇಗೆ ಹೊದಿಸಿದ ಎಂದು ಕೇಳಿಕೊಳ್ಳುವ ಬುದ್ಧಿ ನನಗೆ ಬರಲಿಲ್ಲ. ಹಗಲು ಕಂಡ ಬಾವಿಗೆ ಇರುಳು ಬೀಳುವುದು ಅಂದರೆ ಇದೇ.

ಹೈವೇಗೆ ಬಂದ ಮೇಲೆ ಬಾಂದ್ರಾಕ್ಕೆ ಎಡಕ್ಕೆ ತಿರುಗಬೇಕು. ಟ್ರಕ್ಕು ಬಲಕ್ಕೆ ತಿರುಗಿತು.

ಹಾರ್ನ್ ಹೊಡೆದೆ. ನಿಲ್ಲಲಿಲ್ಲ. ಡೀಸೆಲ್ ಹಾಕಿಸಲು ಹೊರಟನೋ, ಯಾರಿಗಾದರೂ ಗಾಡಿ ತೋರಿಸಲು ಹೊರಟನೋ... ಹಿಂದೆಯೇ ಹೋದೆ. ಮಲಾಡ್ ಬಂತು. ಅಲ್ಲಿ ಪಶ್ಚಿಮಕ್ಕೆ ಹೊರಳಿತು. ಅಂಗಡಿಗಳು ಷಟರ್ ಎಳೆದಿದ್ದವು. ಒಂದು ಪಾನ್ ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ಅಷ್ಟು ದೊಡ್ಡ ಮಿಲಿಟರಿ ಟ್ರಕ್ಕು ಪಕ್ಕದಲ್ಲೇ ಹಾದುಹೋದರೂ ಒಬ್ಬನೂ ತಲೆಯೆತ್ತಲಿಲ್ಲ. ಹಿಂದಿದ್ದ ನನ್ನನ್ನು ಮಾತ್ರ ನೋಡಿದರು.

ಮಾರ್ವೆ ದಾಟಿ ಮಢ್ ಕಡೆಯ ರಸ್ತೆ. ಎರಡೂ ಬದಿಗೆ ಸಮುದ್ರದ ಹಿನ್ನೀರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳು, ಕೆಸರಿನ ಕಮಟು, ಎಲ್ಲೋ ಒಣಗಲು ಹಾಕಿದ ಬೊಂಬಿಲ್ ಮೀನಿನ ವಾಸನೆ. ದೀಪದ ಕಂಬಗಳು ಕಮ್ಮಿಯಾದವು. ಒಂದು ಗುಂಡಿಗೆ ಬೈಕ್ ಇಳಿದು ಎದ್ದಿತು, ಟಪ್ಪೆಂದು ನನ್ನ ಹೆಡ್‌ಲೈಟ್ ಆರಿಹೋಯಿತು.

ಕತ್ತಲೆ. ಮುಂದೆ ಆ ಬಿಳಿ ಬೊಟ್ಟೊಂದೇ.

ಆಗ ಮೊದಲ ಸಲ ನಿಂತುಬಿಡಬೇಕೆನಿಸಿತು. ಆದರೆ ಬೊಟ್ಟು ಹೋಗಿಬಿಟ್ಟರೆ ಆ ಕತ್ತಲಲ್ಲಿ ನಾನೊಬ್ಬನೇ. ನಿಲ್ಲುವುದಕ್ಕಿಂತ ಹಿಂದೆ ಹೋಗುವುದೇ ಧೈರ್ಯವೆನಿಸಿತು.

ಗಾಳಿಯಲ್ಲಿ ಇನ್ನೊಂದು ವಾಸನೆ ಬಂತು. ಬೀಡಿ... ಅದರ ಜೊತೆ ಬೂಟ್ ಪಾಲಿಶ್, ನೆನೆದ ಕಂಬಳಿ. ಕಣ್ಣು ಕಿರಿದು ಮಾಡಿ ನೋಡಿದೆ. ತಾಡಪತ್ರಿಯ ಬಾಯಿ ಅರ್ಧ ತೆರೆದಿತ್ತು. ಒಳಗೆ ಕೆಂಪು ಚುಕ್ಕೆಗಳು. ಒಂದು ಕೆಂಪಾಗುತ್ತಿತ್ತು, ಮಂಕಾಗುತ್ತಿತ್ತು. ಅದರ ಪಕ್ಕ ಇನ್ನೊಂದು. ಎರಡೂ ಬದಿಗೆ ಸಾಲಾಗಿ ಜನ ಕೂತು ಸುಮ್ಮನೆ ಬೀಡಿ ಸೇದುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ.

"ಮಲ್ಲ್ಯಾ! ಯಾರನ ಹತ್ತಿಸಿಕೊಂಡಿ? ಲೇ ಮಲ್ಲ್ಯಾ!" ಎಂದು ಕೂಗಿದೆ. ನನ್ನ ದನಿ ನನಗೇ ತೆಳ್ಳಗೆ ಕೇಳಿಸಿತು.

ಉತ್ತರ ಬಂದದ್ದು ಒಳಗಿನಿಂದ. ಮಾತಿನಲ್ಲಲ್ಲ.

ಧಡ್... ಧಡ್.

ಬಾಡಿಯ ತಗಡಿಗೆ ಅಂಗೈಯಿಂದ ಬಡಿದದ್ದು. ಲಾರಿ ಹತ್ತಿದ ಯಾರಿಗಾದರೂ ಗೊತ್ತು ಈ ಭಾಷೆ. ಕ್ಲೀನರ್ ಎರಡು ಸಲ ಬಡಿದರೆ 'ರೈಟ್, ನಡಿ', ಒಂದು ಸಲ ಬಡಿದರೆ 'ಹೋಲ್ಡಾನ್, ನಿಲ್ಲು'. ನನ್ನ ಕೈ ತಾನಾಗಿಯೇ ಎಕ್ಸಿಲರೇಟರ್ ತಿರುವಿತು.

ಡಾಂಬರು ಮುಗಿದು, ತೆರೆದ ಗೇಟೊಂದು ದಾಟಿ, ಮಣ್ಣಿನ ರಸ್ತೆ ಬಂತು. ಬೊಟ್ಟು ಮೇಲೆ ಕೆಳಗೆ ಕುಣಿಯುತ್ತಿತ್ತು. ನಾನು ಬಾಯಲ್ಲಿ ಬಂದ ದುವಾ ಎಲ್ಲ ಹೇಳಿಕೊಳ್ಳುತ್ತಾ, ಹಾರ್ನಿನಿಂದ ಕೈ ತೆಗೆಯದೆ ಹಿಂದೆ ಹೋಗುತ್ತಿದ್ದೆ...

ಧಡ್!

ಒಂದೇ ಬಡಿತ. ಬ್ರೇಕ್ ಹಾಕಿದೆ. ಬೈಕ್ ಜಾರಿ ಅಡ್ಡ ನಿಂತಿತು.

ಬಿಳಿ ಬೊಟ್ಟು ಇರಲಿಲ್ಲ. ಟ್ರಕ್ಕೂ ಇರಲಿಲ್ಲ. ಎಂಜಿನ್ ಸದ್ದು ದೂರವಾಗಿ ಹೋಗಲಿಲ್ಲ, ಹಾಗೇ ನಿಂತುಹೋಯಿತು. ನನ್ನ ಮುಂದಿನ ಗಾಲಿಯ ಮುಂದೆ ನೆಲ ಇರಲಿಲ್ಲ. ಆಳು ಮುಳುಗುವಷ್ಟು ಆಳದ ಹೊಸ ಗುಂಡಿ, ಒಳಗಿನಿಂದ ವಯರುಗಳು ಹೊರಗೆ ಬಂದಿದ್ದವು.

ಯಾರೋ ಟಾರ್ಚ್ ಬಿಟ್ಟರು. ಆಮೇಲೆ ಒಮ್ಮೆಲೇ ದೊಡ್ಡ ದೀಪಗಳು ಹೊತ್ತಿಕೊಂಡವು. ಪ್ಲೈವುಡ್ಡಿನ ಗೋಡೆಗಳ ಒಂದು ಹಳ್ಳಿ, ಸುಟ್ಟ ಹಾಗೆ ಬಣ್ಣ ಬಳಿದ ಮನೆಗಳು, ಒಂದು ಕ್ಯಾಮೆರಾ, ನಿದ್ದೆ ತೂಗುತ್ತಾ ಕೂತ ಮಿಲಿಟರಿ ವೇಷದವರು. ಯುದ್ಧದ ಶೂಟಿಂಗು. ಗುಂಡಿಯೂ ಸಿಡಿಸಲು ತೋಡಿದ್ದೇ. ಒಬ್ಬ ವಾಕಿ-ಟಾಕಿ ಹಿಡಿದು ನನ್ನ ಕಡೆ ಕೂಗಿದ, "ಏ ಜೂನಿಯರ್! ಉಧರ್ ಕ್ಯಾ ಕರ್ ರಹಾ ಹೈ? ಲೈನ್ ಮೇ ಬೈಠ್!"

ನನ್ನ ಹಸಿರು ಅಂಗಿ ನೋಡಿ, ನಾನೂ ಗುಂಪಿನಲ್ಲಿ ನಿಲ್ಲುವ ವೇಷದವನೇ ಎಂದುಕೊಂಡು, ಸಾಲಿನಲ್ಲಿ ಕೂಡು ಎಂದು ಅವನು ಗದರಿದ್ದು.

ಹಳ್ಳಿಯ ನಡುವೆ ನಮ್ಮ ಟ್ರಕ್ಕು ನಿಂತಿತ್ತು. ಕಮಾನುಗಳು ಬೋಳು. ತಾಡಪತ್ರಿ ಇಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟೆ, ತಣ್ಣಗಿತ್ತು. ಕೆಳಗೆ ಡಬ್ಬಗಳನ್ನು ಕಟ್ಟಿ ವಯರ್ ಎಳೆದಿದ್ದರು. ನಾನು ಭಾನುವಾರವೆಲ್ಲ ಅಂಗಾತ ಮಲಗಿ ಎಳೆದ ವಯರುಗಳ ಪಕ್ಕದಲ್ಲೇ.

ಅದರ ಆಚೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದವನು ಮಲ್ಲಪ್ಪ. ನನ್ನನ್ನು ಕಂಡು ಲೋಟ ಕೈಬಿಟ್ಟ.

"ನೀ... ನೀ ಇಲ್ಲಿ ಹ್ಯಾಂಗ ಬಂದಿ?"

"ನಿನ್ನ ಹಿಂದ ಬಂದೆ."

"ನಾ ಬಂದು ಭಾಳ ಹೊತ್ತಾತು, ದಸ್ತು." ಅವನ ದನಿ ಇಳಿದಿತ್ತು. "ನೀ ನಾಕಾಬಂದ್ಯಾಗ ಸಿಕ್ಕಬಿದ್ದಿದ್ದಿ. ನಾ ನಿಲ್ಲಲಿಲ್ಲ."

"ಯಾಕ ನಿಲ್ಲಲಿಲ್ಲ?"

ಅವನು ತಲೆ ತಗ್ಗಿಸಿದ. ಕೆದಕಿ ಕೆದಕಿ ಕೇಳಿದ ಮೇಲೆ ಒಂದೊಂದೇ ಹೊರಬಂತು. ಭಾಂಡುಪ್‌ನ ಶೆಡ್ಡು ಕೆಡವಿ ಟವರ್ ಕಟ್ಟುತ್ತಾರಂತೆ, ಅವನಿಗೆ ಬೇರೆ ಜಾಗವಿಲ್ಲ. ಶೂಟಿಂಗಿಗೆ ಗಾಡಿ ಒದಗಿಸುವವನೊಬ್ಬ ಮಲಾಡ್‌ನ ತನ್ನ ಗೋದಾಮಿನಲ್ಲಿ ಜಾಗವನ್ನೂ ಕಾಯಂ ಕೆಲಸವನ್ನೂ ಕೊಡುತ್ತೇನೆಂದನಂತೆ. ಬದಲಿಗೆ ಈ ಟ್ರಕ್ಕು ಬೇಕಂತೆ. ನಿಜವಾದ ಗಾಡಿ, ಓಡುವ ಗಾಡಿ, ಕ್ಯಾಮೆರಾದ ಮುಂದೆ ಸಿಡಿಸಲು. ಬಾಂದ್ರಾದ ಮೆರವಣಿಗೆ ಎನ್ನುವುದೇ ಇರಲಿಲ್ಲ. ದಾರಿಯಲ್ಲಿ ಯಾವುದಾದರೂ ಸಿಗ್ನಲ್ಲಿನಲ್ಲಿ ನನ್ನನ್ನು ತಪ್ಪಿಸಿಕೊಂಡು ಹೋಗುವ ಲೆಕ್ಕವಿತ್ತಂತೆ, ನಾಕಾಬಂದಿ ಆ ಕೆಲಸ ಮಾಡಿಕೊಟ್ಟಿತ್ತು.

"ನನಗೊಂದು ಮಾತು ಕೇಳಬಹುದಿತ್ತಲ್ಲೊ," ಎಂದೆ.

"ಕೇಳಿದ್ರ ನೀ ಒಪ್ಪತಿರ್ಲಿಲ್ಲ."

ಒಪ್ಪುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಗೆಳೆಯನ ಹೊಟ್ಟೆಪಾಡಿನ ಪ್ರಶ್ನೆ, ಅತ್ತು ಕರೆದು ಒಪ್ಪುತ್ತಿದ್ದೆನೇನೋ. ಅವನು ಕೇಳಲೇ ಇಲ್ಲ.

"ನಾಳೆ ನನಗ ಏನ ಹೇಳಾಂವಿದ್ದಿ? ಗಾಡಿ ಎಲ್ಲಿ ಅಂತ ಕೇಳಿದ್ರ?"

ಕೆಳಗೆ ಚೆಲ್ಲಿದ ಚಹಾ ನೋಡುತ್ತಾ ಹೇಳಿದ: "ರಸ್ತೆದಾಗ ವಯರಿಂಗ್ ಶಾರ್ಟ್ ಆಗಿ ಬೆಂಕಿ ಹತ್ತಿತು, ನಾ ಜಿಗದ ಜೀವ ಉಳಿಸಿಕೊಂಡೆ ಅಂತ."

ವಯರಿಂಗ್ ಮಾಡಿದವನು ನಾನು.

ಅಂದರೆ ಅವನ ಲೆಕ್ಕದಲ್ಲಿ ನಾಳೆ ಬೆಳಗ್ಗೆ ನಾನು ಅವನ ಹೆಗಲ ಮೇಲೆ ಕೈಯಿಟ್ಟು, ಗಾಡಿ ಹೋದರೆ ಹೋಗಲಿ ನೀನು ಉಳಿದೆಯಲ್ಲ ಎಂದು ಸಮಾಧಾನ ಮಾಡುತ್ತಿರಬೇಕಾಗಿತ್ತು. ನನ್ನ ಕೈಯ ಕೆಲಸವೇ ಅವನ ಅಪ್ಪನ ನೆನಪನ್ನು ಸುಟ್ಟಿತು ಎಂದು ಸಾಯುವವರೆಗೂ ಕೊರಗುತ್ತಿರಬೇಕಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದಸ್ತಗೀರನ ಮನಸ್ಸು ಮುರಿದರೆ ಯಾರಿಗೇನು? ಒಂದೇ ಚಾಪೆಯ ಮೇಲೆ ಮಲಗಿದ್ದವನು ಇದನ್ನು ಕೂತು ಯೋಚಿಸಿ ಇಟ್ಟುಕೊಂಡಿದ್ದ. ನಾನು ಅವನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ.

ಗಾಡಿಯ ಕಾಗದಪತ್ರಗಳೆಲ್ಲ ಅವನ ಹೆಸರಿನಲ್ಲೇ ಇದ್ದವು, ನಾನು ತಡೆಯುವ ಹಾಗಿರಲಿಲ್ಲ. ಎಲ್ಲರನ್ನೂ ಹಗ್ಗದ ಆಚೆ ಸರಿಸಿದರು. ಯಾರೋ ಎಣಿಸಿದರು. ಮೊದಲು ಬೆಳಕು, ಆಮೇಲೆ ಸದ್ದು, ಆಮೇಲೆ ಮುಖಕ್ಕೆ ಬಡಿದ ಬಿಸಿ ಗಾಳಿ. ಹಸಿರು ಬಣ್ಣ ಗುಳ್ಳೆಯೆದ್ದು ಸುಲಿಯಿತು, ಕೆಳಗಿನ ಮರಳಿನ ಬಣ್ಣ ಒಂದು ಗಳಿಗೆ ಕಂಡು ಅದೂ ಕಪ್ಪಾಯಿತು. ವೇಷದವರು ಚಪ್ಪಾಳೆ ಹೊಡೆದರು. ಮಲ್ಲಪ್ಪ ನೋಡಲಿಲ್ಲ, ಬೆನ್ನು ತಿರುಗಿಸಿ ನಿಂತಿದ್ದ. ನಾನು ಪೂರ್ತಿ ನೋಡಿದೆ.

ಹೊರಡುವಾಗ ಗೇಟಿನ ಕಾವಲಿನ ಭೈಯ್ಯಾನನ್ನು ಕೇಳಿದೆ. ನನಗಿಂತ ಮುಂಚೆ ತಾಡಪತ್ರಿ ಹೊದಿಸಿದ ಒಂದು ಟ್ರಕ್ಕು ಬಂತಲ್ಲ, ಒಳಗೆ ಜನ ಇದ್ದರಲ್ಲ? ಜೂನಿಯರ್‌ಗಳನ್ನು ಕರೆತಂದದ್ದೇ?

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಜೂನಿಯರ್‌ಗಳು ಸಂಜೆಯೇ ಬಸ್ಸಿನಲ್ಲಿ ಬಂದರು. ಟ್ರಕ್ಕು ಬಂದದ್ದು ಒಂದೇ, ಸುಟ್ಟದ್ದೂ ಅದನ್ನೇ. "ಆಪ್ ತೋ ಅಕೇಲೇ ಆಯೇ, ಸಾಬ್," ಎಂದ. ನಾನು ಒಬ್ಬನೇ, ಲೈಟ್ ಇಲ್ಲದ ಬೈಕಿನಲ್ಲಿ, ಖಾಲಿ ರಸ್ತೆಗೆ ಹಾರ್ನ್ ಹೊಡೆಯುತ್ತಾ, ಯಾರನ್ನೋ ಕೂಗುತ್ತಾ ಬಂದಿದ್ದೆನಂತೆ. ಹುಚ್ಚನೆಂದುಕೊಂಡು ಗೇಟು ಬಿಟ್ಟನಂತೆ.

ನಾನು ಅಲ್ಲಿಯೇ ಬೈಕಿನ ಪಕ್ಕ ಕೂತುಬಿಟ್ಟೆ. ಬೆಳಕು ಹರಿಯುವವರೆಗೂ ಆ ರಸ್ತೆಗೆ ಇಳಿಯುವ ಧೈರ್ಯವಾಗಲಿಲ್ಲ.

ಮಳೆಗಾಲ ಬಂದು ಹೋಯಿತು. ಮಲ್ಲಪ್ಪನ ಮುಖ ನೋಡಿರಲಿಲ್ಲ. ಒಂದು ಮಧ್ಯಾಹ್ನ ಮಲಾಡ್‌ನ ಒಂದು ಬಿಲ್ಡಿಂಗಿನ ತುದಿಯಲ್ಲಿ, ಲಿಫ್ಟಿನ ಮಶೀನ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದೆ. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಅವನೇ. ಇಳಿದುಹೋಗಿದ್ದ. ಗಡ್ಡ ಬಿಟ್ಟಿದ್ದ.

"ಶಾಂತಾ ತವರಿಗೆ ಹೋಗ್ಯಾಳ," ಎಂದ.

"ಯಾಕ?"

"ನಾನ ಕಳಿಸೀನಿ. ನಿನಗ ಹೇಳಿದಾಕಿ ಆಕೀನ. ಆಕಿಗಿ ಬಿಟ್ರ ಯಾರಿಗೂ ಗೊತ್ತಿರ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ವೈನಿಗೆ ಶೂಟಿಂಗಿನ ವಿಷಯ ಗೊತ್ತಿತ್ತೆಂಬುದೇ ನನಗೆ ಅವತ್ತು ತಿಳಿದದ್ದು. ಗಂಡನ ಮಾತು ಮೀರದೆ ಬಾಯಿ ಮುಚ್ಚಿಕೊಂಡಿದ್ದವಳನ್ನೇ ಇವನು ಮನೆಯಿಂದ ಹೊರಗೆ ಹಾಕಿದ್ದ.

"ವೈನಿ ನನಗ ಒಂದ ಮಾತೂ ಹೇಳಿಲ್ಲ. ಖುದಾನಾಣಿ."

"ಹಂಗಾದ್ರ ಯಾರು?"

ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು ಹೇಳಿದೆ. ಜೋಗೇಶ್ವರಿಯಿಂದ ಹಿಡಿದು ಎಲ್ಲವನ್ನೂ. ಬಿಳಿ ಬೊಟ್ಟು, ತಾಡಪತ್ರಿ, ಬೀಡಿಯ ಚುಕ್ಕೆಗಳು, ಬೂಟ್ ಪಾಲಿಶ್ ವಾಸನೆ. ತಗಡು ಬಡಿದ ಮಾತು ಬಂದಾಗ ಅವನು ಕೈಯೆತ್ತಿದ.

"ಹ್ಯಾಂಗ ಬಡದ್ರು? ಬಡದ ತೋರಿಸು."

ಮಶೀನ್ ರೂಮಿನ ಕಬ್ಬಿಣದ ಬಾಗಿಲ ಮೇಲೆ ಕೇಳಿದ ಹಾಗೆಯೇ ಬಡಿದು ತೋರಿಸಿದೆ. ಮೊದಲನೆಯದು ಮೆಲ್ಲಗೆ. ಒಂದು ಉಸಿರಿನಷ್ಟು ಬಿಟ್ಟು, ಎರಡನೆಯದು ಜೋರಾಗಿ.

ಮಲ್ಲಪ್ಪನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. "ಸಾಕು... ಸಾಕು," ಎಂದು ನನ್ನ ಕೈ ಹಿಡಿದುಕೊಂಡ. ಆ ಬಡಿತ ಅವನಿಗೆ ಗುರುತಿನದು, ಅವನ ಅಪ್ಪನದೇ ಇರಬೇಕು ಎಂದು ನನಗೆ ಹೊಳೆಯಿತು. ಕೆಳಗೆ ಯಾರೋ ಲಿಫ್ಟ್ ಯಾವಾಗ ಚಾಲೂ ಆಗುತ್ತದೆಂದು ಕೂಗುತ್ತಿದ್ದರು.

ಕೊನೆಗೆ ಅವನು ಬಾಯಿಬಿಟ್ಟ.

"ದಸ್ತು, ಶಾಂತಾನ ಹೇಳ್ಯಾಳ ಅಂತ ಅನ್ನು."

"ಏನಂದಿ?"

"ಶಾಂತಾ ಹೇಳಿದ್ದಕ್ಕ ಬಂದೆ ಅಂತ ಒಂದ ಮಾತು ಅನ್ನು. ನಾ ಆಕೀನ್ನ ಮಾಫ್ ಮಾಡ್ತೀನಿ. ನಾಳೇನ ಹೋಗಿ ಕರ್ಕೊಂಡ ಬರ್ತೀನಿ, ಕಾಲ ಬೇಕಾದ್ರೂ ಹಿಡೀತೀನಿ. ಆದ್ರ ಈಗ ಹೇಳಿದ್ಯಲ್ಲ, ಇದು ಮಾತ್ರ ಸುಳ್ಳ ಅನ್ನು. ಇದ ಖರೇ ಇದ್ರ ನಾ ಹ್ಯಾಂಗ ಬದುಕಲೋ?"

ಅವನು ಎರಡೂ ಕೈ ಮುಗಿದು ನಿಂತಿದ್ದ. ನನಗೆ ಅಷ್ಟು ದೊಡ್ಡ ಸುಳ್ಳು ಹೇಳಿದವನು ಈಗ ನನ್ನಿಂದ ಒಂದು ಸುಳ್ಳನ್ನು ಭಿಕ್ಷೆ ಬೇಡುತ್ತಿದ್ದ. ಕನಿಕರವೂ ಬಂತು, ಅಸಹ್ಯವೂ ಆಯಿತು. ನಾನು ಪಾನಾ ಎತ್ತಿಕೊಂಡು ಕೆಲಸಕ್ಕೆ ತೊಡಗಿದೆ. ಅವನು ಸ್ವಲ್ಪ ಹೊತ್ತು ಕಾದು ಹೋದ.

ಈಗಲೂ ಫೋನ್ ಮಾಡುತ್ತಾನೆ. "ಒಂದ ಮಾತು ದಸ್ತು, ಅಷ್ಟ," ಎನ್ನುತ್ತಾನೆ. ನಾನು ಫೋನ್ ಇಟ್ಟುಬಿಡುತ್ತೇನೆ. ವೈನಿ ಇನ್ನೂ ತವರಿನಲ್ಲೇ ಇದ್ದಾಳೆ. ಒಂದು ಸುಳ್ಳು ಹೇಳಿದರೆ ಅವಳು ಮನೆಗೆ ಬರುತ್ತಾಳೆ, ಮಾಡದ ತಪ್ಪಿಗೆ ಕ್ಷಮೆ ಪಡೆದುಕೊಂಡು. ಮಲ್ಲಪ್ಪನಿಗೆ ನಿದ್ದೆ ಬರುತ್ತದೆ. ನಾವು ಮತ್ತೆ ಗೆಳೆಯರೂ ಆಗಬಹುದು.

ಎಷ್ಟೋ ಸಲ ಹೇಳಿಬಿಡೋಣ ಎಂದು ಬಾಯಿ ತೆರೆದಿದ್ದೇನೆ. ಆದರೆ ಆ ರಾತ್ರಿ ನನ್ನನ್ನು ಅಲ್ಲಿಯವರೆಗೆ ಕರೆದುಕೊಂಡು ಹೋದವರು, ಗುಂಡಿಯ ಬಾಯಲ್ಲಿ ತಡೆದು ನಿಲ್ಲಿಸಿದವರು ಯಾರೇ ಇರಲಿ... ಅವರು ಬರಲೇ ಇಲ್ಲ ಎಂದು ನಾನೇ ಹೇಳಿದರೆ, ಅವರಿಗೆ ನಾನು ಕೈ ಕೊಟ್ಟ ಹಾಗಾಗುವುದಿಲ್ಲವೇ? ಕೈ ಕೊಟ್ಟವನ ಗತಿ ಏನಾಗುತ್ತದೆಂದು ಮಲ್ಲಪ್ಪನನ್ನು ನೋಡಿದ್ದೇನೆ. ರಾತ್ರಿ ಕೆಲಸ ಮುಗಿಸಿ ಖಾಲಿ ರಸ್ತೆಯಲ್ಲಿ ಒಬ್ಬನೇ ಬೈಕ್ ಓಡಿಸಿಕೊಂಡು ಮನೆಗೆ ಹೋಗಬೇಕಾದವನು ನಾನು.